ಮುನ್ನೂರ ನಲವತ್ತು

ಸಿದ್ದಾಪುರದ ಸಂತೆ ಬೀದಿ, ಮೆಣಸಿನ ಮಂಡಿಯ ಮೇಲಿನ ಕೋಣೆ.
ಹತ್ತಡಿ ಅಗಲ, ಹದಿನಾಲ್ಕು ಉದ್ದ, ತಗಡಿನ ಸೂರು.
ಬಾಗಿಲಿಗೆ ಒಂದೇ ಬೀಗ,
ಕೀಲಿಕೈ ಮಾತ್ರ ಐದು ಜನರ ಸೊಂಟದಲ್ಲಿ.

ಅರ್ಜಿಯ ಮೂರನೇ ಪುಟ ಕೇಳಿತ್ತು:
ನಾಗರಿಕ ಅವಕಾಶ ಎಂದರೆ ನಿಮ್ಮ ಪ್ರಕಾರ ಏನು?
ಇನ್ನೂರು ಪದ ಮೀರದಂತೆ ವಿವರಿಸಿ.

ನಾನು ಜೆರಾಕ್ಸ್ ಅಂಗಡಿಯವಳು.
ಊರಿನ ಅಹವಾಲುಗಳೆಲ್ಲ ನನ್ನ ಗಾಜಿನ ಮೇಲೆ ಬೋರಲು ಮಲಗಿ
ಬೆಳಕು ತಿಂದು ಎದ್ದಿವೆ. ಅದಕ್ಕೇ ಇರಬೇಕು,
ಖಜಾಂಚಿ ಯಾರಾಗಲಿ ಅಂದಾಗ
ಎಲ್ಲ ಮುಖ ನನ್ನ ಕಡೆ ತಿರುಗಿದ್ದು.

ಬರೆದೆ:
ನಮ್ಮಲ್ಲಿ ಜಾಗಕ್ಕೇನೂ ಬರವಿಲ್ಲ ಸ್ವಾಮಿ.
ಬೇಲಿಯೊಳಗೆ ತೋಟ, ತೋಟದೊಳಗೆ ಲೈನ್ ಮನೆ,
ಲೈನ್ ಮನೆಯ ಅಂಗಳವೂ ತೋಟದ್ದೇ.
ಆಚೆಗೆ ಕಾಡು, ಅದು ಇಲಾಖೆಯದು.
ಹೊಳೆದಂಡೆ ಮಳೆಗಾಲದಲ್ಲಿ ಹೊಳೆಯದು,
ಬೇಸಿಗೆಯಲ್ಲಿ ರೆಸಾರ್ಟಿನದು.
ನಾಲ್ಕು ಜನ ಕುಕ್ಕರಗಾಲಲ್ಲಿ ಕೂತು
ಕೂಲಿ ಎಷ್ಟು ಬಂತು, ಎಷ್ಟು ಹಿಡಿದರು
ಅಂತ ಒಬ್ಬರನ್ನೊಬ್ಬರು ಕೇಳಬೇಕಾದರೆ
ರೈಟರ ಕಣ್ಣು ಬೀಳದ ಚಾಪೆಯಗಲ ನೆಲ ಬೇಕು.
ಅದರ ಬಾಡಿಗೆ ತಿಂಗಳಿಗೆ ಎರಡು ಸಾವಿರದ ಆರುನೂರು.
ಅವಕಾಶ ಅಂದರೆ ಇಷ್ಟೇ.
ಪದ ಉಳಿದಿವೆ, ವಾಪಸು ಕೊಡುತ್ತಿದ್ದೇನೆ.

ಅಪಾಯಗಳು ಎಂಬಲ್ಲಿ ಮೊದಲು ಆನೆ ಎಂದು ಬರೆದೆ.
ಐದೂವರೆ ದಾಟಿದರೆ ತೋಟದ ದಾರಿ ಹಿಡಿಯುವಂತಿಲ್ಲ.
ಸಭೆ ಎಷ್ಟೇ ಕಾವೇರಲಿ, ಚಾತ ಎದ್ದು ನಿಂತು
'ಅವು ಹೊರಟಿರ್ತವೆ' ಅಂದರೆ ಮುಗಿಯಿತು ನಿರ್ಣಯ.
ಇನ್ನೊಂದು ಅಪಾಯವನ್ನೂ ಬರೆದೆ, ಹೆಸರು ಹಿಡಿದು.
ಆಮೇಲೆ ಹೊಡೆದು ಹಾಕಿದೆ.
ನನ್ನ ಅಂಗಡಿಯ ಮಾಲೀಕನಿಗೂ ತೋಟವಿದೆ.

ದುಡ್ಡು ಬಂತು, ಎರಡು ಕಂತಿನಲ್ಲಿ.
'ಹೊರಗಿನ ದುಡ್ಡಂತೆ' ಎಂದರು ಕೆಳಗೆ ಮಂಡಿಯಲ್ಲಿ, ಮೆಣಸು ತೂಗುತ್ತ.
ನಿಮ್ಮ ಮೂಟೆ ಎಲ್ಲಿಗೆ ಹೊರಟಿತು ಅಂತ
ಕೇಳಬೇಕೆನಿಸಿತು. ಸೀನು ಬಂತು.

ಇಪ್ಪತ್ತು ಚಾಪೆ. ಕಪ್ಪು ಹಲಗೆ.
ಮಡಿಕೇರಿಯ ವಕೀಲರ ಬಸ್ ಚಾರ್ಜು;
ಫೀಸು ಬೇಡವೆಂದರು, ಊಟ ಬೇಡ ಅನ್ನಲಿಲ್ಲ.
ಪಡಿತರ ಚೀಟಿ ಇಲ್ಲದವರ ಪಟ್ಟಿ,
ಇದ್ದೂ ಅದು ರೈಟರ ಮೇಜಿನ ಖಾನೆಯಲ್ಲಿರುವವರ ಪಟ್ಟಿ,
ಎರಡಕ್ಕೂ ಮೂರು ಮೂರು ಪ್ರತಿ.
ಗ್ರಾಮಸಭೆಗೆ ಜೀಪು, ಹೋಗಲು ಒಂದು, ಬರಲು ಎರಡು,
ಯಾಕೆಂದರೆ ಬರುವಾಗ ಯಾರೂ ಒತ್ತಿಕೊಂಡು ಕೂರಲೊಪ್ಪಲಿಲ್ಲ.
ಕುಞಾಲಿಯ ಚಹಾ. ಮತ್ತೆ ಚಹಾ.

ವರ್ಷದ ಕೊನೆಯ ಭಾನುವಾರ ಲೆಕ್ಕ ಓದಿದೆ.
ಎರವರ ಕರ್ಪಿ ಕಿಟಕಿಯ ಬಳಿ, ಮಡಿಲಲ್ಲಿ ವೀಳ್ಯದೆಲೆ.
ಹನ್ನೊಂದು ಸಭೆಯಲ್ಲಿ ಒಂದು ಮಾತಾಡಿದವಳಲ್ಲ.
'ಜೆರಾಕ್ಸಕ್ಕ, ಇನ್ನೊಂದ್ಸಲ ಓದು.'
ಓದಿದೆ.
'ಬಂದದ್ದರಲ್ಲಿ ಹೋದದ್ದು ಕಳೆದರೆ
ಉಳಿಯಬೇಕಾದ್ದು ಉಳಿದಿಲ್ಲವಲ್ಲ.
ಮುನ್ನೂರ ನಲವತ್ತು ಎಲ್ಲಿ?'

ಮೂವತ್ತು ವರ್ಷ, ರೈಟರು ಕೂಗಿದ ಕಿಲೋ ಕೇಳಿಸಿಕೊಂಡು
ತನ್ನ ಕಿಲೋವನ್ನು ಬೆರಳ ಗೆಣ್ಣುಗಳಲ್ಲೇ ಇಟ್ಟುಕೊಂಡವಳು.

ಕಿವಿ ಬಿಸಿಯಾಯಿತು. ಸುಳ್ಳೇಕೆ, ಸಿಟ್ಟೇ ಬಂತು.
ಊರ ಉಸಾಬರಿ ಹೊತ್ತದ್ದಕ್ಕೆ ಇದು ಕೂಲಿಯೇ ಎಂದು
ಪುಸ್ತಕ ಮುಚ್ಚಲು ಹೊರಟ ಕೈ
ಹಾಳೆಯ ಮೇಲೇ ನಿಂತಿತು.
ಇಪ್ಪತ್ತಮೂರು ಜನ ಕಾದು ಕೂತರು.
ಆ ದಿನ ಚಾತ ಆನೆಗಳನ್ನು ನೆನಪಿಸಲಿಲ್ಲ.

ಈಗ ವರದಿ ಕಳಿಸಬೇಕು. ಫಲಿತಾಂಶ ಎಂಬ ಕಡೆ ಬರೆದಿದ್ದೇನೆ:
ಒಬ್ಬರು ಲೆಕ್ಕ ಕೇಳಿದರು.
ನಾನು ಉತ್ತರ ಕೊಡಬೇಕಾಗಿದೆ.
ಅಳೆಯುವುದು ಹೇಗೆ ಎಂಬ ಕಡೆ: ರೂ. 340.

ಬಿಲ್ಲು ಇನ್ನೂ ಸಿಕ್ಕಿಲ್ಲ.
ಗೋಂದಿನ ಡಬ್ಬಿಯ ಕೆಳಗಿಲ್ಲ, ಕ್ಯಾಲೆಂಡರಿನ ಹಿಂದಿಲ್ಲ.
ಯಂತ್ರದ ಮುಚ್ಚಳ ಎತ್ತಿ ನೋಡಿದೆ:
ಗಾಜಿನ ಮೇಲೆ, ಬೋರಲಾಗಿ,
ಯಾರೋ ಮರೆತು ಹೋದ ಪಡಿತರ ಚೀಟಿ.