ಕೆಳಮನೆಯ ಛಾವಣಿ

ಬಟ್ಟೆ ಒಗೆಯುವ ಯಂತ್ರದ ಹಿಂದೆ
ಹೆಬ್ಬೆರಳು ದಪ್ಪದ ಪೈಪು. ಆರು ವರ್ಷ
ಅದರ ಮುಖವನ್ನೇ ನೋಡಿರಲಿಲ್ಲ.
ಭಾನುವಾರ ಬಾಯಿ ಬಿಟ್ಟಿತು.
ನಾನು ಸ್ಯಾಂತ್ ಎತಿಯೆನ್ ಸಂತೆಯಲ್ಲಿ ಬಟಾಣಿ ಆರಿಸುತ್ತಿದ್ದೆ,
ನನ್ನ ನೀರು ನನಗೊಂದು ಮಾತೂ ಹೇಳದೆ
ಮೂರನೇ ಮಹಡಿಗೆ ಇಳಿದು ಹೋಗಿತ್ತು.

ಬಾಗಿಲು ತಟ್ಟಿದವರು ಮಸ್ಯೂ ವೆರ್ನೇ,
ರಿಬ್ಬನ್ ಕಾರ್ಖಾನೆಯ ಮಗ್ಗ ರಿಪೇರಿ ಮಾಡುತ್ತಿದ್ದವರು.
ಒದ್ದೆ ಚಪ್ಪಲಿ, ಕೈಯಲ್ಲೊಂದು ಬೋಗುಣಿ.
ಬೈಯಲಿಲ್ಲ. ‘ಮದಾಂ ಗೆಗಾನ್,
ಇದು ನಿಮ್ಮದಿರಬೇಕು.’

ಆ ರಾತ್ರಿ ಡ್ರಾಯರುಗಳನ್ನೆಲ್ಲ ನೆಲಕ್ಕೆ ಬೋರಲು ಹಾಕಿ
ವಿಮೆಯ ಕಾಗದ ಹುಡುಕಿದೆ.
ತಿಂಗಳಿಗೆ ಹದಿನಾಲ್ಕು ಯೂರೋ,
ಕಟ್ಟುವಾಗಲೆಲ್ಲ ಗೊಣಗಿದ್ದೆ, ಹೊಳೆಗೆ ಸುರಿದ ಹಾಗೆ.
ಸುರಿದರೂ ಅಳೆದು ಸುರಿಯಬೇಕಂತೆ;
ಅಳೆದಿರಲಿಲ್ಲ.
ಎರಡು ಗಂಟೆಗೆ ಸಿಕ್ಕಿತು, ಅಡುಗೆ ಪುಸ್ತಕದೊಳಗೆ.
ಗುರುವಾರದ ತನಕ ಜೀವವಿತ್ತು.

ಮರುದಿನ ಅವರ ಮೇಜಿನ ಮೇಲೆ
ಒಂದೇ ಹಾಳೆ, ಇಬ್ಬರಿಗೂ ಒಂದೊಂದು ಅಂಕಣ.
ನೀರು ಎಲ್ಲಿಂದ? ನನ್ನಿಂದ.
ಎಲ್ಲಿಗೆ? ಅವರಿಗೆ.
ನಾಚಿಕೆಗೊಂದು ಚೌಕ ಹುಡುಕಿದೆ, ಇರಲಿಲ್ಲ.
ಇದ್ದಿದ್ದರೆ ಗುರುತು ಹಾಕಿ ಹಗುರಾಗುತ್ತಿದ್ದೆನೇನೋ.

‘ತಲೆ ಎತ್ತಿ’ ಎಂದರು.

ಕಿಟಕಿಯ ಬಳಿಯದು ಬಾರ್ತೆಲೆಮಿ,
ಚಳಿಗೆ ಒಡೆದ ರೇಡಿಯೇಟರು.
ದೀಪದ ಸುತ್ತ ಚಹಾ ಬಣ್ಣದ ಅಂಚು, ಅಕ್ಕತಂಗಿಯರದ್ದು,
ಸ್ನಾನದ ತೊಟ್ಟಿಗೆ ನೀರು ಬಿಟ್ಟು ಜಗಳಕ್ಕೆ ಕೂತವರು.
ಕಪಾಟಿನ ಮೇಲೆ ಹಂದಿಮರಿಯಂಥದ್ದು
ಮೀನು ಸಾಕಿದ್ದ ಹುಡುಗ.
‘ಮೀನೂ ಬಂತೇ?’ ‘ಇಲ್ಲ, ಮೀನು ಬರಲಿಲ್ಲ.’

ವಿಮೆ ಎರಡು ಸಲ ದುಡ್ಡು ಕೊಟ್ಟಿತು,
ಒಂದು ಸಲವೂ ಸುಣ್ಣ ತರಲಿಲ್ಲ.
‘ರೇಡಿಯೇಟರಿನಲ್ಲಿ ಮೊದಲ ಬಾರಿ ಸಮುದ್ರ ನೋಡಿದೆ.
ತೊಟ್ಟಿಯಲ್ಲಿ ಹಲ್ಲು ಕಟ್ಟಿಸಿದೆ’
(ನಕ್ಕು ತೋರಿಸಿದರು).
ಮೀನಿನ ಹುಡುಗ ವಿಮೆಯನ್ನೇ ಮಾಡಿಸಿರಲಿಲ್ಲ.
ಎರಡು ವರ್ಷ, ಪ್ರತಿ ಮಂಗಳವಾರ
ಇಸ್ಪೀಟಿಗೆ ಬಂದು ಕೂತು ತೀರಿಸಿದನಂತೆ.

ಬುಧವಾರ ಕಂಪನಿಯವರು ಬರುತ್ತಾರೆ,
ತೇವ ಅಳೆಯುತ್ತಾರೆ,
ಹಳೆಯದಕ್ಕೆಲ್ಲ ಸವಕಲು ಎಂದು ಬರೆದು
ಅಷ್ಟನ್ನು ಕಳೆದು ಉಳಿದದ್ದು ಕೊಡುತ್ತಾರೆ.
ನನ್ನದಿನ್ನೂ ಹಸಿ. ಆಕಾರ ಬಂದಿಲ್ಲ.
ಅಂಚಿಗೊಂದು ಗೀಟೆಳೆದು ತಾರೀಖು ಬರೆಯಲು
ಎಂಬತ್ತೊಂದರ ಮುದುಕ ಪೆನ್ಸಿಲು ಹಿಡಿದು ಸ್ಟೂಲು ಹತ್ತಿದರು.
ಸ್ಟೂಲು ಅಲ್ಲಾಡುತ್ತಿತ್ತು.
ಎರಡೂ ಕೈಯಿಂದ ಹಿಡಿದುಕೊಂಡೆ.
ಬಿದ್ದರೆ ಯಾರ ವಿಮೆ ಕೊಡುತ್ತದೋ,
ಕಾಗದವನ್ನು ಅಷ್ಟು ದೂರ ಓದಿರಲಿಲ್ಲ.