ಮೂವತ್ತೊಂದು ಮಿಲಿಮೀಟರ್

ಪೆಟ್ಟಿಗೆ ಬಂದದ್ದು ಬುಧವಾರ,
ಉದ್ಯಮಬಾಗದ ಕಬ್ಬಿಣದ ಧೂಳಿನಲ್ಲಿ ಕುಲುಕುತ್ತ, ಟೆಂಪೋದಲ್ಲಿ.
ಚೌಗುಲೆ ಮಾಮಾ ರಶೀದಿಗೆ ಸಹಿ ಹಾಕಿ
'ತ್ರಿಶಲಾ, ನಿನ್ನ ಕೂಸುಗಳು ತವರಿಗೆ ಬಂದ್ವು ನೋಡವಾ' ಅಂದರು.

ಕಳಿಸಿದ್ದು ನಾನೇ. ನಾಲ್ಕು.
ಮೊಳದುದ್ದದ ಅಲ್ಯೂಮಿನಿಯಂ ಜೇನುಗೂಡು,
ಊದಿದರೆ ಅಂಚು ನಡುಗುವಷ್ಟು ತೆಳು ಹಾಳೆ,
ಆರಾರು ಮೂಲೆಯ ಸಾವಿರ ಕೋಣೆ,
ಜೇನು ಮಾತ್ರ ಇಲ್ಲ.
ರಾಕೆಟ್ಟಿನ ಕಾಲೊಳಗೆ, ಮೊಣಕಾಲಿನ ಕೆಳಗೆ,
ಕತ್ತಲಲ್ಲಿ ಅದರ ಸಂಸಾರ.

'ರಾಕೆಟ್ಟಿಗೆ ಕಾಲ್ ಯಾಕ ಬೇಕ?'
ಅವ್ವ ಕೇಳಿದ್ದಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.
'ನಿಂದರಾಕ.'
'ಹಾರೂದಕ್ಕ ನಿಂದ್ರೂ ಉಸಾಬರಿ ಯಾಕ?'
ಹೇಳಿದೆ: ಇಷ್ಟು ದಿನ ಹೋದದ್ದು ಹೋದಲ್ಲೇ ಸುಟ್ಟು
ಸಮುದ್ರಕ್ಕೆ ಬೀಳುತ್ತಿತ್ತು. ಇದು ಮರಳಬೇಕು.
ತೊಳೆದು, ಒರೆಸಿ, ಎಣ್ಣೆ ತುಂಬಿಸಿಕೊಂಡು ಮತ್ತೆ ಹೋಗಬೇಕು.

ಹೋಗುವವರಿಗೆ ಒಂದೇ ಹಸಿವೆ,
ಮರಳುವವರಿಗೆ ಎರಡು.
ಬುತ್ತಿಯ ಕಡೆಯ ರೊಟ್ಟಿಯನ್ನು ಮುಟ್ಟುವ ಹಾಗಿಲ್ಲ,
ಆ ರೊಟ್ಟಿಯ ಭಾರವನ್ನೂ ಮೋಡದಾಚೆ ಹೊರಬೇಕು.
ಕಾಲಿನ ಭಾರವನ್ನೂ.
ಏರುವಷ್ಟು ಹೊತ್ತೂ ಅವು ಮೈಗೆ ಮಡಚಿದ ದಂಡದ ಹೊರೆ,
ಇಳಿಯುವ ಕಡೆಯ ಎಂಟು ಸೆಕೆಂಡಿಗೆ
ಕಾಲು.

ಅವ್ವ ರೊಟ್ಟಿ ತಿರುವಿ ಹಾಕಿದಳು.
'ಹಂಗಾರ ಅದು ಹೋಗೂ ಮುಂಚೇನ
ಬರೂದನ್ನ ಗಂಟ ಕಟಗೊಂಡು ಹೋಗ್ತದ.'
ನಮ್ಮ ಡ್ರಾಯಿಂಗಿನ ನಲವತ್ತು ಹಾಳೆಯಲ್ಲಿ
ಈ ಮಾತು ಎಲ್ಲೂ ಬರೆದಿರಲಿಲ್ಲ.

ಪೆಟ್ಟಿಗೆ ತೆರೆದೆ. ಸುಟ್ಟ ಬಣ್ಣದ ವಾಸನೆ.
ವರ್ನಿಯರ್ ಹಿಡಿದು ಒಂದೊಂದನ್ನೇ ಅಳೆದೆ.
ಒಂದನೇ ಕಾಲು ಕುಗ್ಗಿದ್ದು ಹದಿನಾರು ಮಿಲಿಮೀಟರ್.
ಎರಡನೆಯದು ಹದಿನಾಲ್ಕು.
ನಾಲ್ಕನೆಯದು ಒಂಬತ್ತೇ.
ಮೂರನೆಯದು ಮೂವತ್ತೊಂದು.
ನಲವತ್ತು ದಾಟಿದ್ದರೆ
ಇವತ್ತು ನಮ್ಮ ಬಾಗಿಲಿಗೆ ಟೆಂಪೋ ಬರುತ್ತಿರಲಿಲ್ಲ.

ಅಂದರೆ ವಾಲಿಕೊಂಡು ಬಂದಿದೆ.
ಅಂದರೆ ನೆಲ ಸಿಗುವ ಹೊತ್ತಿಗೆ ಯಾವುದೋ ಗಾಳಿ
ಭುಜಕ್ಕೆ ಭುಜ ಕೊಟ್ಟು ನೂಕಿದೆ,
ಮೂರನೇ ಕಾಲು ಮೊದಲು ಊರಿದೆ,
ಒಂಟಿಯಾಗಿ, ಅರೆಗಳಿಗೆ,
ಉಳಿದ ಮೂರೂ ಬರುವ ತನಕ.
ನಾನು ಅಲ್ಲಿರಲಿಲ್ಲ. ವಿಡಿಯೋ ಕಳಿಸಿಲ್ಲ, ಕಳಿಸುವುದೂ ಇಲ್ಲ.
ಆ ಮಧ್ಯಾಹ್ನದ ಗಾಳಿಯನ್ನು
ಮಡಿಕೆ ಮಡಿಕೆಯಾಗಿ ಬೆರಳಲ್ಲಿ ಓದಿದೆ.

ಎಂಜಿನ್ ಮತ್ತೆ ಹೋಗುತ್ತದೆ. ಟ್ಯಾಂಕು ಮತ್ತೆ ಹೋಗುತ್ತದೆ.
ಕಾಲು ಕೂಡ, ಬಣ್ಣ ಬಳಿದುಕೊಂಡು.
ಇದು ಮಾತ್ರ ಹೋಗುವುದಿಲ್ಲ.
ಒಮ್ಮೆ ಮುದುಡಿದ್ದು ಮುದುಡಿತು.

ಪಕ್ಕದ ಫೌಂಡ್ರಿಯಲ್ಲಿ ಇಮಾಮಹುಸೇನ ಅಚ್ಚು ಒಡೆಯುತ್ತಿದ್ದ.
ನಮ್ಮ ಕಡೆ ಅದು ಉಸುಕು. ಸಾಲಿ ಪುಸ್ತಕದಲ್ಲಿ ಮರಳು.
ಮರಳು ಅಂದರೆ ತಿರುಗಿ ಬಾ ಅಂತಲೂ ಇತ್ತು,
ಆರನೇ ಇಯತ್ತೆಯಲ್ಲಿ ಎರಡೂ ಬೆರೆಸಿ ಬರೆದು
ಮಾರ್ಕು ಕಳಕೊಂಡಿದ್ದೆ.
ಅವನು ಜರಡಿ ಹಿಡಿಯುತ್ತಾನೆ, ಅದೇ ಉಸುಕು, ಅದೇ ಪೆಟ್ಟಿಗೆ,
ಹತ್ತು ವರ್ಷದಿಂದ.
'ಅದ ಅಂತ ತಿಳೀಬ್ಯಾಡ್ರಿ ಬಾಯಾರ,
ಪ್ರತಿ ಸಲ ಸ್ವಲ್ಪ ಸುಡ್ತದ. ಅಷ್ಟು ಹೊಸಾದು ಹಾಕಬೇಕ.
ಇಲ್ಲಾಂದ್ರ ಅಚ್ಚು ನಿಲ್ಲಂಗಿಲ್ಲ.'

ಸಂಜೆ ಅಲ್ಲಿಯ ಎಂಜಿನಿಯರ್ ಫೋನು ಮಾಡಿದ, ಚಿಕ್ಕ ಹುಡುಗ, ಅವಸರದವನು.
ಮುಂದಿನದಕ್ಕೆ ಜೇನುಗೂಡು ಬೇಡವಂತೆ, ಎಣ್ಣೆಯ ಸಿಲಿಂಡರು,
ನೂರು ಸಲ ಕೂತು ನೂರು ಸಲ ಏಳುವಂಥದ್ದು.
ಅದರ ಮುಂದಿನದಕ್ಕೆ ಕಾಲೇ ಇಲ್ಲವಂತೆ.
ನೆಲದಿಂದಲೇ ಎರಡು ತೋಳು ಚಾಚಿ
ಬೀಳುವುದನ್ನು ಗಾಳಿಯಲ್ಲೇ ಹಿಡಿಯುವುದಂತೆ.
ಚೌಗುಲೆ ಮಾಮಾ ಚಹಾ ಸುರಿದುಕೊಂಡರು. ಒಂದು ಗಳಿಗೆ ಸುಮ್ಮನಿದ್ದು,
'ಹಂಗಾರ ತೋಳಿನ ಕೊಟೇಶನ್ ಕಳಸೂಣು.'

ರಜಿಸ್ಟರಿನಲ್ಲಿ ಬರೆದೆ.
ಮರುಬಳಕೆಗೆ ಯೋಗ್ಯ: ಇಲ್ಲ.
ಷರಾ ಕಾಲಮ್ಮು ಖಾಲಿ ಬಿಡಬಾರದೆಂಬ ನಿಯಮ.
ಬಹಳ ಹೊತ್ತು ಪೆನ್ನು ಹಿಡಿದೆ, ಆಮೇಲೆ
'ನಿಲ್ಲಿಸಿತು' ಎಂದು ಬರೆದು
ಹೊಸ ಹಾಳೆಯ ಸುರುಳಿ ಬಿಚ್ಚಿದೆ.

ಊಟಕ್ಕೆ ಕೂತಾಗಲೂ ತೋರುಬೆರಳಿನ ಮಸಿ ಹೋಗಿರಲಿಲ್ಲ.
ರೊಟ್ಟಿಯ ಅಂಚಿಗೆ ಒಂದು ಕರೀ ಗುರುತು.
ಅವ್ವ ನೋಡಿದಳು, ಏನೂ ಕೇಳಲಿಲ್ಲ,
ಅದನ್ನು ತನ್ನ ತಾಟಿಗೆ ತಗೊಂಡು
ನನಗೆ ಬೇರೆ ಹಾಕಿದಳು.