ಎಡಗಿವಿ

ಸ್ಯಾಗಿನಾದ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ
ದಿನಕ್ಕೆ ಎಂಟುನೂರು ಬೆಡ್‌ಶೀಟು ಒಗೆಯುವವಳು ನಾನು.
ರಕ್ತ, ವಾಂತಿ, ಅಯೋಡಿನ್ನು,
ಯಾವ ಕಲೆಗೂ ನನ್ನ ಹತ್ತಿರ ಮದ್ದುಂಟು.

ಮಗ ನೌಕಾದಳಕ್ಕೆ ಹೋದ ಒಂಬತ್ತನೇ ದಿನ
ಮನೆಗೊಂದು ಪೆಟ್ಟಿಗೆ ಬಂತು.
ಹೋಗುವಾಗ ತೊಟ್ಟಿದ್ದ ಜೀನ್ಸು, ಹಸಿರು ಅಂಗಿ,
ಒಂದರೊಳಗೊಂದು ತುರುಕಿದ ಕಾಲುಚೀಲ, ಬೂಟು.
ಚೀಟಿಯಿಲ್ಲ. ಮೇಲಿನ ವಿಳಾಸವಷ್ಟೇ ಅವನ ಕೈಬರಹ,
ಬೆನ್ನ ಹಿಂದೆ ನಿಂತು ಯಾರೋ ಗದರಿದಂತೆ
ಎದ್ದು ಬಿದ್ದು ಓಡುವ ಅಕ್ಷರ.

ಆ ಅಂಗಿಯನ್ನು ನಾನು ಒಗೆಯಲಿಲ್ಲ.
ಬಸ್ಸಿನ ವಾಸನೆ, ಹುರಿದ ಈರುಳ್ಳಿಯದು,
ಅದರಡಿಯಲ್ಲಿ ಅವನದು.
ಒಮ್ಮೆ ಮೂಗಿಗೊತ್ತಿ ಮತ್ತೆ ಮುಚ್ಚಿಟ್ಟೆ;
ವಾಸನೆಯೂ ಖರ್ಚಾಗುವ ಪದಾರ್ಥ, ನೋಡಿ.

ಅದಕ್ಕೂ ಮುಂಚೆ, ಮೊದಲ ರಾತ್ರಿ, ಒಂದು ಫೋನು.
ಕಾಗದ ನೋಡಿ ಓದುವವನ ದನಿ:
"ಅಮ್ಮಾ, ತಲುಪಿದೆ. ಚೆನ್ನಾಗಿದ್ದೇನೆ. ಇಡುತ್ತೇನೆ."
ಚೆನ್ನಾಗಿದ್ದೇನೆ ಎನ್ನುವಾಗ ಎಡಗೈ ಎಲ್ಲಿತ್ತೋ.
ಫೋನಿನಲ್ಲಿ ಕಿವಿ ಕಾಣುವುದಿಲ್ಲ.

ನಾಲ್ಕು ವರ್ಷದವನಿದ್ದಾಗ ಜಾಮಿನ ಸೀಸೆ ಒಡೆದು
ತಪ್ಪನ್ನು ಬೆಕ್ಕಿನ ಮೇಲೆ ಹಾಕಿದ್ದ.
ನಮ್ಮಲ್ಲಿ ಬೆಕ್ಕೇ ಇರಲಿಲ್ಲ.
ಎಡಗಿವಿಯ ಹಾಲೆ ಹಿಡಿದು ಉಜ್ಜುತ್ತಿದ್ದ, ಕೆಂಪಾಗುವ ತನಕ.
ಅಂದಿನಿಂದ ಸೈಲಸ್ ಹೇಳಿದ ಸುಳ್ಳೆಲ್ಲ
ನಾನು ಓದಿದ್ದು ಆ ಕಿವಿಯಲ್ಲೇ.

ಹತ್ತು ವಾರ.
ನಿಯಮಕ್ಕೆ ವಿರುದ್ಧವಾಗಿ ಏಪ್ರನ್ನಿನ ಜೇಬಲ್ಲಿ ಫೋನು.
ಕೊನೆಗೂ ಒಂದು ನಸುಕಿಗೆ ಅದು ನಡುಗಿತು,
ಎರಡು ಡ್ರೈಯರುಗಳ ಗಡಗಡದ ನಡುವೆ.
"ಅಮ್ಮಾ, ನಾನೀಗ ನಾವಿಕ."
ಏನು? ಎಂದೆ. ಮತ್ತೆ ಹೇಳಿದ.
ಕೇಳಿಸಿತ್ತು. ಆದರೂ ಮೂರನೇ ಸಲ, ಏನು? ಎಂದೆ.

ವಾಕೀಗನ್‌ನ ಮೋಟೆಲಿನಲ್ಲಿ ಅಂದು ಯಾರೂ ಮಲಗಿರಲಿಲ್ಲ.
ಬೆಳಗಿನ ನಾಲ್ಕಕ್ಕೇ ವಾಫಲ್ ಯಂತ್ರದ ಮುಂದೆ ಸಾಲು,
ಎದೆಯ ಮೇಲೆ ಮಕ್ಕಳ ಮುಖ ಅಚ್ಚೊತ್ತಿಸಿಕೊಂಡ ಅಪ್ಪಂದಿರು,
ಲಿಪ್‌ಸ್ಟಿಕ್ ಹಚ್ಚಿ ಮತ್ತೆ ಒರೆಸಿಕೊಂಡ ಅಜ್ಜಿಯರು.
ಸಾಲಿನಲ್ಲಿ ನನ್ನ ಹಿಂದೆ ಗ್ರಾಸಿಯೆಲಾ, ಲರೇಡೊದವಳು.
ಮಗಳು ಮಾರಿಬೆಲ್‌ಳ ಕಾಲೆಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು,
ಅವಳ ತಂಡ ಮುಂದೆ ಹೋಗಿದೆ, ಅವಳು ಉಳಿದಿದ್ದಾಳೆ.
ಸುದ್ದಿ ಬಂದದ್ದು ಟಿಕೆಟ್ಟು ಕೊಂಡ ಮೇಲೆ.
"ದುಡ್ಡು ವಾಪಸಿಲ್ಲವಂತೆ. ಅದಕ್ಕೇ ಬಂದೆ" ಎಂದಳು.
ಅದಕ್ಕೇ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.
ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಗೇಟಿನೊಳಗೆ ಬಿಡರು.
ನಾವೆಲ್ಲ ಹೊರಟೆವು. ಅವಳು ತಟ್ಟೆ ಜೋಡಿಸುತ್ತಾ ಉಳಿದಳು.

ಗೋಡೆಯಷ್ಟಗಲದ ಬಾಗಿಲು ಮೇಲೆದ್ದಿತು.
ಸರೋವರದ ಚಳಿ ಮೊದಲು, ಆಮೇಲೆ ಅವರು:
ಒಂದೇ ಅಳತೆಯ ಹೆಜ್ಜೆ, ಒಂದೇ ಬೋಳುಗತ್ತು,
ಇಸ್ತ್ರಿಯಂತ್ರದಿಂದ ಆಗಷ್ಟೇ ಹೊರಬಿದ್ದ
ನನ್ನ ಎಂಟುನೂರು ಬೆಡ್‌ಶೀಟಿನ ಹಾಗೆ.
ಎರಡನೇ ಸಾಲಿನ ಹುಡುಗನಿಗೆ ಕೈ ಬೀಸಿ ಬೀಸಿ
ಅತ್ತೂಬಿಟ್ಟೆ. ಅವನು ಇನ್ಯಾರದೋ ಮಗ.
ನನ್ನವನು ನಾಲ್ಕು ಜನರಾಚೆ ನಿಂತಿದ್ದ,
ಗಂಟಲೊಡೆದ, ತೆಳ್ಳಗಾದ, ನೋಟ ಕದಲಿಸದ ಒಬ್ಬ.
ಅಪ್ಪಿಕೊಂಡಾಗ ಸೋಪಿನ ವಾಸನೆ. ಬರೀ ಸೋಪು.

ಮೋಟೆಲಿನ ಕೋಣೆಯಲ್ಲಿ ಪೆಟ್ಟಿಗೆ ತೆರೆದೆ.
ಹಸಿರು ಅಂಗಿಯನ್ನು ಎತ್ತಿಕೊಂಡವನೇ
ಹಾಸಿಗೆಯ ಮೇಲೆ ಹರವಿ, ಅಂಗೈಯಿಂದ ಒತ್ತಿ,
ನಾಲ್ಕೇ ಮಡಿಕೆಯಲ್ಲಿ ಒಂದು ಚೌಕ ಮಾಡಿಟ್ಟ.
ಇಪ್ಪತ್ತೆರಡು ವರ್ಷದ ನನ್ನ ಕೈಗೂ
ಅಂಥ ಅಂಚು ಬಂದದ್ದಿಲ್ಲ.
ಇವನು ಯಾರು ಎಂದು ಒಂದು ಗಳಿಗೆ ಹೆದರಿದೆ.

ಕೆಳಗೆ ಗ್ರಾಸಿಯೆಲಾ ನಮಗಾಗಿ ವಾಫಲ್ ಎತ್ತಿಟ್ಟಿದ್ದಳು.
ಅವನು ಕೂತ ಮೇಲೆ, ಮೆಲ್ಲಗೆ:
"ನನ್ನ ಹುಡುಗಿಯನ್ನು ಎಲ್ಲಾದರೂ ನೋಡಿದೆಯಾ, ಮಗಾ?"

ಸೈಲಸ್ ಎದ್ದು ನಿಂತ.
"ನೋಡಿದೆ ಮ್ಯಾಮ್. ಊಟದ ಹಾಲಿನಲ್ಲಿ.
ಊರುಗೋಲನ್ನು ಗೋಡೆಗೊರಗಿಸಿ
ಯಾರ ಜೊತೆಗೋ ನಗುತ್ತಿದ್ದಳು."
"ನಗುತ್ತಿದ್ದಳಾ?"
"ಜೋರಾಗಿ, ಮ್ಯಾಮ್."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.
ಅವನ ಬಲಗೈಯಲ್ಲಿ ಬಿಳಿ ಟೋಪಿ.
ಎಡಗೈ ಮೆಲ್ಲಮೆಲ್ಲಗೆ ಮೇಲೇರುತ್ತಿತ್ತು.

ನಾನು ತಟ್ಟೆಗೆ ಸಕ್ಕರೆಪಾಕ ಸುರಿಯತೊಡಗಿದೆ,
ಸುರಿಯುತ್ತಲೇ ಇದ್ದೆ.